ಗುಡಿಸದೆ ಕಾದ ಚಳಿಗಾಲ

ಮೊನ್ನೆ ಸಂಭಾಜಿನಗರದಿಂದ ಜಾಲ್ನಾ ಕಡೆಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಶೇಂದ್ರಾ ಹತ್ತಿರ ಬರುತ್ತಿದ್ದಂತೆ ಆ ವಾಸನೆ ಒಳಗೆ ನುಗ್ಗಿತು. ಫೈಬರ್ ಟ್ಯಾಂಕು, ಫೈಬರ್ ಬಾಗಿಲು ಮಾಡುವ ಕಾರ್ಖಾನೆಗಳ ರೆಸಿನ್ ವಾಸನೆ. ಉಗುರುಬಣ್ಣದ ಶೀಶೆ ಒಡೆದ ಹಾಗೆ ಮೂಗಿಗೆ ಏರುವಂಥದ್ದು. ಪಕ್ಕದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಇನ್ನೊಮ್ಮೆ ಉಸಿರೆಳೆದುಕೊಂಡೆ. ನನ್ನ ಗಂಡನ ಅಂಗಿಗಳು ವರ್ಷಗಟ್ಟಲೆ ಇದೇ ವಾಸನೆ ಹೊಡೆಯುತ್ತಿದ್ದವು. ಆಗ ಬೈದುಕೊಂಡು ತೊಳೆಯುತ್ತಿದ್ದವಳು ಈಗ ಬಸ್ಸಿನಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತೇನೆ ಅಂದರೆ, ವಯಸ್ಸು ಮನುಷ್ಯರನ್ನು ಏನೇನು ಮಾಡಿಬಿಡುತ್ತದೆ ನೋಡಿ.

ನೆನಪಾದದ್ದು ಒಂದು ಚಳಿಗಾಲ. ನನ್ನ ಗಂಡ ಸಂಗಮೇಶ ತಾನೇ ಕಟ್ಟಿದ ಹಾಯಿದೋಣಿಯಲ್ಲಿ ಮುಂಬಯಿಯಿಂದ ಮಲ್ಪೆಗೆ ಹೋದ ಚಳಿಗಾಲ. ನಾವೆಲ್ಲ ನಾಸಿಕ್ ರೋಡಿನಲ್ಲಿ ಕಸ ಗುಡಿಸದೆ ಕಾದ ಚಳಿಗಾಲವೂ ಅದೇ.

ನಾಸಿಕದ ರೈಲು ಸ್ಟೇಷನ್ ಇರುವ ನಾಸಿಕ್ ರೋಡ್ ನನ್ನ ತವರು. ಸ್ಟೇಷನ್ನಿನಿಂದ ಹೊರಗೆ ಬಂದು ಎರಡು ತಿರುವು ದಾಟಿದರೆ ಅಪ್ಪಯ್ಯನ ಹೋಟೆಲು, ಅದರ ಮೇಲೆ ಮನೆ. ಅಪ್ಪಯ್ಯ ಕುಂದಾಪುರದ ಕಡೆಯವರು. ಹುಡುಗನಾಗಿದ್ದಾಗ ಬಂದು, ಲೋಟ ತೊಳೆದು, ದೋಸೆ ಹುಯ್ದು, ಕೊನೆಗೆ ಸ್ವಂತ ಹೋಟೆಲು ಹಾಕಿದವರು. ಅವರ ಹೋಟೆಲಿನ ನೆಲ ನಾಸಿಕ್ ರೋಡಿನಲ್ಲೆಲ್ಲ ಹೆಸರುವಾಸಿ. ನೋಟು ಅಚ್ಚು ಹಾಕುವ ಪ್ರೆಸ್ಸಿನ ಕೆಲಸಗಾರರು ಬೆಳಗಿನ ಪಾಳಿಗೆ ಮುಂಚೆ ತಿಂಡಿಗೆ ಬರುತ್ತಿದ್ದರು. ಅವರಲ್ಲೊಬ್ಬರು ಕಾಗದದ ಚೂರು ಕೆಳಗೆ ಬೀಳಿಸಿದರೆ ಅಪ್ಪಯ್ಯ ಗಲ್ಲಾದಲ್ಲಿ ಕೂತೇ ಒಂದು ನೋಟ ಬೀರುತ್ತಿದ್ದರು. ಬೀಳಿಸಿದವನು ತಾನೇ ಬಗ್ಗಿ ಎತ್ತಿಕೊಳ್ಳುತ್ತಿದ್ದ.

ಸಂಗಮೇಶ ಭಾಲ್ಕಿಯವನು, ಬೀದರ ಜಿಲ್ಲೆ. ಡಿಪ್ಲೊಮಾ ಮುಗಿಸಿ ನಾಸಿಕದ ಒಂದು ಕಾರ್ಖಾನೆಗೆ ಸೇರಿದವನು, ಗಲ್ಲಾದಲ್ಲಿ ಕನ್ನಡ ಕೇಳಿಸಿತೆಂದು ನಮ್ಮ ಹೋಟೆಲಿಗೆ ಬಂದ. ಬಂದವನು ಎರಡು ಹೊತ್ತೂ ಅಲ್ಲೇ ಉಣ್ಣತೊಡಗಿದ. ಒಂದು ಇಡ್ಲಿಗೆ ಮೂರು ಸಲ ಸಾಂಬಾರ್ ಹಾಕಿಸಿಕೊಳ್ಳುವ ಗಿರಾಕಿ. ಅಪ್ಪಯ್ಯನಿಗೆ ಅವನೆಂದರೆ ಪ್ರಾಣ. ಅವನು ಬಾಗಿಲಲ್ಲಿ ಕಂಡರೆ ಸಾಕು, "ಬಾರೋ ಬೀದರ್" ಎಂದು ಕರೆಯುತ್ತಿದ್ದರು. ಹೋಟೆಲು ಗುಡಿಸಿ ಒರೆಸುವ ಕಾಂತಾಬಾಯಿಯಿಂದ ಭಾನುವಾರ ಜೋಳದ ಭಾಕರಿ ತಟ್ಟಿಸಿ, "ನಿಮ್ಮ ಕಡೆ ರೊಟ್ಟಿ ಮಾರಾಯ, ತಿನ್ನು" ಎಂದು ಅವನ ಮುಂದಿಡುತ್ತಿದ್ದರು. ಅದೇ ಬೀದರ್ ಒಂದು ದಿನ ಗಲ್ಲಾದ ಮುಂದೆ ಕೈಕಟ್ಟಿ ನಿಂತು, ನನ್ನನ್ನು ಮದುವೆಯಾಗುತ್ತೇನೆ ಎಂದ. ಅಪ್ಪಯ್ಯನ ಬಾಯಿಗೆ ಬೀಗ ಬಿತ್ತು.

ಅಮ್ಮ ಹಟ ಹಿಡಿದದ್ದರಿಂದ ಮದುವೆಯೇನೋ ಆಯಿತು. ಅಪ್ಪಯ್ಯ ಒಂದೂ ಕೊರತೆ ಮಾಡಲಿಲ್ಲ, ಪಾಯಸವೇ ಎರಡು ಬಗೆ. ಆದರೆ ಅಂದಿನಿಂದ 'ಬೀದರ್' ಎನ್ನುವ ಕರೆ ನಿಂತುಹೋಯಿತು. ಎದುರಿಗೆ ಮಾತೇ ಇಲ್ಲ. ಆಡಬೇಕಾಗಿ ಬಂದರೆ ನನ್ನ ಮೂಲಕ, ಅದೂ ಮಹಾ ಮರ್ಯಾದೆಯಿಂದ: "ಅವರಿಗೆ ಇನ್ನೊಂದು ಸ್ವಲ್ಪ ಅನ್ನ ಬಡಿಸು." ಮುಂದೆ ಅವನಿಗೆ ಶೇಂದ್ರಾದಲ್ಲಿ ಕೆಲಸ ಸಿಕ್ಕಿ ನಾವು ಸಂಭಾಜಿನಗರಕ್ಕೆ ಹೋದ ಮೇಲೆ ಅವನ ಹೆಸರು 'ಶೇಂದ್ರಾದವರು' ಎಂದಾಯಿತು. ಬೈದಿದ್ದರೆ ಸಂಗಮೇಶ ತಡೆದುಕೊಳ್ಳುತ್ತಿದ್ದ. ಆ ಬಹುವಚನ ಅವನನ್ನು ಒಳಗೊಳಗೇ ಕೊರೆಯಿತು. ಊರು ಬಿಟ್ಟು ಬಂದವನಿಗೆ ನಾಸಿಕದಲ್ಲಿ ಮೊದಲು ಸಿಕ್ಕ ತಂದೆಯನ್ನು ನಾನೇ ಕಿತ್ತುಕೊಂಡ ಹಾಗಾಗಿತ್ತು.

ಮದುವೆಯಾದ ಹೊಸತರಲ್ಲಿ ಅಪ್ಪಯ್ಯನ ಊರಿನ ದೇವರಿಗೆ ಕಾಯಿ ಒಡೆಸಲು ಹೋಗಿದ್ದೆವು. ಸಂಗಮೇಶ ಕಡಲು ಕಂಡದ್ದು ಅದೇ ಮೊದಲು. ಪ್ಯಾಂಟು ಮೊಣಕಾಲಿನ ತನಕ ಮಡಚಿಕೊಂಡು, ನೀರಿಗೆ ಇಳಿಯಲೂ ಧೈರ್ಯವಿಲ್ಲದೆ, ಹಿಂದಕ್ಕೆ ಬರಲೂ ಮನಸ್ಸಿಲ್ಲದೆ ಬಹಳ ಹೊತ್ತು ನಿಂತಿದ್ದ. ಅಪ್ಪಯ್ಯ ನೆಂಟರೊಬ್ಬರ ಹತ್ತಿರ, "ಕೆರೆ ಕಂಡವರಿಗೆ ಕಡಲು ಕಂಡರೆ ಹೀಗೇ ಆಗುವುದು" ಎಂದರು. ನನಗೂ ಕೇಳಿಸಿತು, ಅವನಿಗೂ ಕೇಳಿಸಿತು. ಅವನು ತಿರುಗಿ ನೋಡಲಿಲ್ಲ. ನಮ್ಮಿಬ್ಬರಲ್ಲಿ ಬಾಯಿ ನನ್ನದು, ಕೈ ಅವನದು. ನಾನು ಜಗಳವಾಡಿ ಮುಗಿಸುವುದನ್ನು ಅವನು ಏನಾದರೂ ಮಾಡಿ ಮುಗಿಸುತ್ತಾನೆ, ಎಷ್ಟು ವರ್ಷ ಹಿಡಿದರೂ ಸರಿ.

ವರ್ಷಗಳೇ ಹಿಡಿದವು. ಮಗಳು ಮಾನಸಿ ಓದು ಮುಗಿಸಿ ನಾಸಿಕದಲ್ಲಿ ಕೆಲಸಕ್ಕೆ ಸೇರಿ, ಅಜ್ಜ ಅಜ್ಜಿಯ ಜೊತೆ ಇರತೊಡಗಿದ ಮೇಲೆ ಸಂಗಮೇಶ ಶೇಂದ್ರಾದಲ್ಲಿ ಗೆಳೆಯನೊಬ್ಬನ ಶೆಡ್ಡಿನ ಅರ್ಧ ಭಾಗ ಬಾಡಿಗೆಗೆ ಹಿಡಿದ. ನೀರಿನ ಟ್ಯಾಂಕು ಮಾಡಿ ಮಾಡಿ ಫೈಬರಿನ ಮರ್ಮವೆಲ್ಲ ಅವನ ಬೆರಳಿನಲ್ಲಿತ್ತು. ಭಾನುವಾರ ಬಂತೆಂದರೆ ಶೆಡ್ಡು. ದೋಣಿಯ ಹೊಟ್ಟೆ ಬೋರಲಾಗಿ ಮಲಗಿದ್ದಾಗ ಅಕ್ಕಪಕ್ಕದ ಕೆಲಸಗಾರರು ಬಂದು, ಎಷ್ಟು ಲೀಟರಿನ ಟಾಕಿ ಎಂದು ಕೇಳುತ್ತಿದ್ದರು. ದೋಣಿ ಎಂದರೆ ಯಾರೂ ನಂಬುತ್ತಿರಲಿಲ್ಲ. ಸುತ್ತ ಎಲ್ಲಿ ನೋಡಿದರೂ ಹತ್ತಿ ಹೊಲ, ಕಂಪೆನಿಗಳ ಗೋಡೆ. ನಾಸಿಕ್ ರೋಡಿನ ನಮ್ಮ ಪಕ್ಕದ ಮನೆಯ ಜಾಧವ್, ನೌಕಾಪಡೆಯಿಂದ ನಿವೃತ್ತರಾದವರು, ಅವನಿಗೆ ಗಂಗಾಪುರ ಅಣೆಕಟ್ಟಿನ ಹಿನ್ನೀರಿನಲ್ಲಿ ಹಾಯಿ ಬಿಡುವುದನ್ನು ಕಲಿಸಿ, ಕಡಲಿಗೂ ತಾವೇ ಜೊತೆಗೆ ಬರುತ್ತೇನೆಂದರು. ಹಾಯಿ ಮುಂಬಯಿಯಿಂದ ತರಿಸಿದ್ದು. ಬಿಸಿಲಿಗೆ ಮರೆಯಾಗುವ ಮೇಲ್ಹೊದಿಕೆಯನ್ನು ಮಾತ್ರ ನಿಫಾಡ್‌ನಲ್ಲಿ ದ್ರಾಕ್ಷಿತೋಟಗಳಿಗೆ ಟಾರ್ಪಾಲು ಹೊಲಿಯುವವನು ಹೊಲಿದುಕೊಟ್ಟ. ದೋಣಿಗೆ 'ಮಾಂಜ್ರಾ' ಎಂದು ತನ್ನ ಊರಿನ ಕಡೆಯ ಹೊಳೆಯ ಹೆಸರಿಟ್ಟ. ಅದು ಬೇಸಿಗೆಯಲ್ಲಿ ಬತ್ತುವ ಹೊಳೆಯಲ್ಲವೇ ಎಂದು ಅಪ್ಪಯ್ಯ ನನ್ನ ಮೂಲಕ ವಿಚಾರಿಸಿದರು.

ಇದೆಲ್ಲ ಯಾಕೆ ಎಂದು ನಾನು ಕೇಳಿರಲಿಲ್ಲ. ಒಮ್ಮೆ ಅವನೇ ಹೇಳಿದ. ಶೆಡ್ಡಿನಲ್ಲಿ ಕೂತು ಕೈಗೆ ಅಂಟಿದ ರೆಸಿನ್ ಕೆರೆದುಕೊಳ್ಳುತ್ತಿದ್ದ.

"ಮಾವಾರ ಊರ ಕಡಿಗಿ ನೀರಿನ ಹಾದೀಲೆ ಹೋಗಿ ನಿಂತ್ರ, ಒಮ್ಮಿ ಬಾರೋ ಅಂತಾರೇನು ನೋಡೂಣು" ಎಂದ.

ಇಷ್ಟು ವರ್ಷ ಇಷ್ಟನ್ನೇ ಹೊಟ್ಟೆಯಲ್ಲಿಟ್ಟುಕೊಂಡಿದ್ದನೇ ಎಂದು ಸಂಕಟವಾಯಿತು. "ಅನ್ನದಿದ್ದರೆ?" ಎಂದೆ. "ಅನ್ನಲಿಲ್ಲಂದ್ರ ಮಲ್ಪ್ಯಾದಾಗ ಮೀನ್ ಮಾರವ್ರ ನಡುವ ಒಂದ್ ಕಪ್ ಚಾ ಕುಡುದು ವಾಪಸ್ ಬರ್ತೀನಿ" ಎಂದು ನಕ್ಕ.

ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ ದೋಣಿ ಲಾರಿ ಏರಿತು. ಸಂಭಾಜಿನಗರದಿಂದ ಮುಂಬಯಿಗೆ ಹೋಗುವ ಲಾರಿಯನ್ನು ನಾಸಿಕ್ ರೋಡಿನ ನಮ್ಮ ಹೋಟೆಲಿನ ಮುಂದೆ ನಿಲ್ಲಿಸಬೇಕೆಂದು ಅಮ್ಮ ಕಟ್ಟಪ್ಪಣೆ ಮಾಡಿದ್ದರು. ಮೊಣಕಾಲಿನ ಆಪರೇಷನ್ ಆಗಿ ಆಗಷ್ಟೇ ಕೋಲು ಹಿಡಿದು ನಡೆಯುತ್ತಿದ್ದವರು, ಮೆಟ್ಟಿಲಿಳಿದು ಬಂದು, ನಡುರಸ್ತೆಯಲ್ಲಿ ದೋಣಿಗೆ ಆರತಿ ಎತ್ತಿ ಕಾಯಿ ಒಡೆದರು. ಹಿಂದೆ ಪ್ರೆಸ್ಸಿನ ಬಸ್ಸು, ರಿಕ್ಷಾ, ಈರುಳ್ಳಿ ಟ್ರ್ಯಾಕ್ಟರು ಎಲ್ಲ ಸಾಲುಗಟ್ಟಿ ಹಾರ್ನು ಹೊಡೆದವು. ಅಪ್ಪಯ್ಯ ಗಲ್ಲಾ ಬಿಟ್ಟು ಏಳಲಿಲ್ಲ. ಆದರೆ ಕಾಂತಾಬಾಯಿಯ ಕೈಯಲ್ಲಿ ಒಂದು ಡಬ್ಬಿ ಚಕ್ಕುಲಿ ಕಳಿಸಿ, "ಡ್ರೈವರನಿಗೆ" ಎಂದು ಹೇಳಿಸಿದರು. ಡ್ರೈವರನೊಬ್ಬನೇ ತಿಂದು ಮುಗಿಸುವ ಡಬ್ಬಿಯಲ್ಲ ಅದು. ಸಂಗಮೇಶ ಅದನ್ನು ಎರಡೂ ಕೈಯಿಂದ ತೆಗೆದುಕೊಂಡು ದೋಣಿಯೊಳಗೆ ಇಟ್ಟ.

ಅಮ್ಮನ ಕಾಲಿನ ಆರೈಕೆಗೆಂದು ನಾನು ಪಾಠ ಹೇಳುವ ಶಾಲೆಗೆ ರಜೆ ಹಾಕಿ ಆ ಚಳಿಗಾಲವಿಡೀ ತವರಿನಲ್ಲೇ ಉಳಿದೆ. ಹಾಗಾಗಿ ಅಮ್ಮನ ಶಾಸ್ತ್ರದ ಕೈಗೆ ನಾವೆಲ್ಲ ಸಿಕ್ಕಿಬಿದ್ದೆವು.

ಶಾಸ್ತ್ರ ಇದು: ಮನೆಯಿಂದ ಯಾರಾದರೂ ಪ್ರಯಾಣ ಹೊರಟರೆ, ಅವರು ಹೋದ ಕಡೆ ಮುಟ್ಟುವ ತನಕ ಮನೆ ಗುಡಿಸಬಾರದು. ಹೊರಟ ಕೂಡಲೇ ಗುಡಿಸುವುದು ಹೆಣ ಎತ್ತಿದ ಮನೆಯಲ್ಲಿ ಮಾತ್ರ. ನಾನು ಬಸ್ಸಿನಲ್ಲಿ ಸಂಭಾಜಿನಗರಕ್ಕೆ ಹೊರಟರೂ ಅಷ್ಟೇ. ನಾನು ಫೋನ್ ಮಾಡಿ ಮುಟ್ಟಿದೆ ಎಂದ ಮೇಲೇ ಅಮ್ಮ ಹಿಡಿಸೂಡಿ ಮುಟ್ಟುವವರು. ಬಸ್ಸಿನ ಪ್ರಯಾಣಕ್ಕೆ ಸರಿ. ಅರಬ್ಬೀ ಕಡಲಿನಲ್ಲಿ ಊರೂರು ತಂಗುತ್ತ ವಾರಗಟ್ಟಲೆ ಹೋಗುವವನಿಗೆ?

"ಆಜೀ, ಪಪ್ಪಾ ಮಲ್ಪೆ ಮುಟ್ಟತನಕ ಝಾಡೂ ಇಲ್ಲ ಅಂದ್ರೆ ಹಾಲ್‌ದಲ್ಲಿ ಗಹೂ ಬೆಳೀತದೆ" ಎಂದಳು ಮಾನಸಿ. ಅವಳ ಕನ್ನಡ ಹಾಗೆಯೇ, ಅರ್ಧಕ್ಕರ್ಧ ಮರಾಠಿ. ನಮ್ಮ ಹಾಲಿನಲ್ಲಿ ಗೋಧಿ ಬೆಳೆಯುವುದು ಬೇಡವೆಂದು ಅಮ್ಮನೇ ರಾಜಿಗೆ ಬಂದರು. ಪ್ರತಿದಿನ ಸಂಜೆ ಯಾವುದಾದರೂ ಬಂದರಿಗೆ ಮುಟ್ಟುತ್ತಾರಲ್ಲ, ಅಲ್ಲಿಗೆ ಆ ದಿನದ ಪ್ರಯಾಣ ಮುಗಿದ ಲೆಕ್ಕ.

ಅದರಲ್ಲೂ ಒಂದು ತೊಡಕು ಬಂತು. ಸಂಗಮೇಶನ ಫೋನು ಬರುವ ಹೊತ್ತಿಗೆ ಇಲ್ಲಿ ದೀಪ ಹಚ್ಚಿ ಆಗಿರುತ್ತಿತ್ತು. ದೀಪ ಹಚ್ಚಿದ ಮೇಲೆ ಗುಡಿಸಿದರೆ ಲಕ್ಷ್ಮಿ ಹೊರಗೆ ಹೋಗುತ್ತಾಳೆ. ಬೆಳಿಗ್ಗೆ ಗುಡಿಸೋಣವೆಂದರೆ ಅವನು ನಸುಕಿನಲ್ಲಿ ದಡದಿಂದ ಬೀಸುವ ನೆಲಗಾಳಿ ಹಿಡಿದು ಅಷ್ಟೊತ್ತಿಗೆ ಹೊರಟೇಬಿಟ್ಟಿರುತ್ತಿದ್ದ. ಎರಡು ಶಾಸ್ತ್ರಗಳ ನಡುವೆ ಕಸ ಹಾಗೇ ಉಳಿಯಿತು. ಮೂರನೇ ಬಂದರಿನ ಹೊತ್ತಿಗೆ ಅಮ್ಮ ಫೋನು ಕಸಿದುಕೊಂಡು ಹೇಳಿದರು:

"ನೋಡಿ ಸಂಗಮೇಶ, ನಾಳೆಯಿಂದ ನಾನು ಎದ್ದು ಗುಡಿಸಿ ಆದ ಮೇಲೆ ನೀವು ಹೊರಡಿ."

"ಆಯ್ತ್ರಿ ಅತ್ತಿಯವರ" ಎಂದ ಅವನು.

ಅಂದಿನಿಂದ ಹಾಗೇ ನಡೆಯಿತು. ಕೊಂಕಣದ ಯಾವುದೋ ಕೊಲ್ಲಿಯಲ್ಲಿ, ಕೋಟೆಯೊಂದರ ಬುಡದಲ್ಲಿ, ಇಬ್ಬರು ಗಂಡಸರು ಲಂಗರು ಎತ್ತಲು ತಯಾರಾಗಿ ಕೂತು ಫೋನು ನೋಡುತ್ತಿದ್ದರು. ನಾಸಿಕ್ ರೋಡಿನಲ್ಲಿ, ನಿಫಾಡ್ ಕಡೆಯಿಂದ ಬೀಸುವ ಮೂಳೆ ಕೊರೆಯುವ ಚಳಿಯಲ್ಲಿ, ನನ್ನ ಅಮ್ಮ ಶಾಲು ಸುತ್ತಿಕೊಂಡು ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಹಿಡಿಸೂಡಿ ಹಿಡಿದು ಗುಡಿಸುತ್ತಿದ್ದರು. ನಾನು ಗುಡಿಸುತ್ತೇನೆಂದರೆ ಕೊಡುತ್ತಿರಲಿಲ್ಲ. ಗುಡಿಸಿ ಮುಗಿಸಿ ಏದುಸಿರಿನಲ್ಲೇ ಫೋನಿಗೆ, "ಹೂಂ, ಗುಡಿಸಿ ಆಯ್ತು. ಹೊರಡಿ" ಎನ್ನುತ್ತಿದ್ದರು. ಜಾಧವ್ ಅಮ್ಮನಿಗೆ 'ಪೋರ್ಟ್ ಆಫೀಸರ್' ಎಂದು ಹೆಸರಿಟ್ಟರು. ಮುಂಬಯಿ ಬಂದರಿನ ಪರವಾನಗಿ ಒಂದೇ ದಿನದಲ್ಲಿ ಸಿಕ್ಕಿತ್ತು, ನಾಸಿಕ್ ರೋಡ್ ಬಂದರಿನದು ದಿನಾ ಬೇಕು ಎಂದು ನಗುತ್ತಿದ್ದರು.

ಅಪ್ಪಯ್ಯ ಇದನ್ನೆಲ್ಲ ನೋಡಿಯೂ ನೋಡದವರ ಹಾಗೆ ಇದ್ದರು. "ಮನೆಯಲ್ಲಿ ಏನು ಬೇಕಾದರೂ ಮಾಡಿಕೊಳ್ಳಿ. ಹೋಟೆಲಿಗೆ ಶಾಸ್ತ್ರ ಇಲ್ಲ" ಎಂದು ಮೊದಲೇ ಸಾರಿದ್ದರು. ಹೋಟೆಲಿನ ನೆಲವನ್ನು ಕಾಂತಾಬಾಯಿ ಹೊತ್ತುಹೊತ್ತಿಗೆ ಗುಡಿಸಿ ಒರೆಸುತ್ತಲೇ ಇದ್ದಳು. ಆದರೆ ಸಂಜೆಯಾದರೆ ಅಪ್ಪಯ್ಯ ಏನೋ ನೆಪ ಮಾಡಿಕೊಂಡು ಮೇಲೆ ಬರುತ್ತಿದ್ದರು. "ನಿನ್ನ ಮೊಬೈಲಿನಲ್ಲಿ ಚಾರ್ಜ್ ಉಂಟಾ?" ಎಂದು ಕೇಳುತ್ತಿದ್ದರು. ಮಾನಸಿ ನಕಾಶೆಯಲ್ಲಿ ಅಪ್ಪನ ದೋಣಿ ಎಲ್ಲಿದೆ ಎಂದು ತೋರಿಸಲು ಹೋದರೆ ಕನ್ನಡಕ ತಂದಿಲ್ಲ ಎನ್ನುತ್ತಿದ್ದರು. ಕನ್ನಡಕ ಅವರ ಹಣೆಯ ಮೇಲೆಯೇ ಇರುತ್ತಿತ್ತು.

ಒಂದು ಸಂಜೆ ಅವರು ಅತ್ತ ಇಳಿದು ಹೋದ ಮೇಲೆ ಅಮ್ಮ ನಕ್ಕರು. "ಕಡಲು ಕಡಲು ಅಂತ ಹೇಳುವುದೇ ಸೈ ಇವರದ್ದು. ಊರಲ್ಲಿ ದೋಣಿಯಲ್ಲಿ ಹೊಳೆ ದಾಟುವಾಗಲೂ ಕಣ್ಣು ಮುಚ್ಚಿ ಕೂತುಕೊಳ್ಳುತ್ತಿದ್ದರು. ನನ್ನ ಕೈ ಹಿಡಿದುಕೊಳ್ಳುತ್ತಿದ್ದರು, ಯಾರಾದರೂ ನೋಡಿದರೆ ಬಿಡುತ್ತಿದ್ದರು" ಎಂದರು. ನನಗೆ ಅಪ್ಪಯ್ಯನ ಮೇಲೆ ಸಿಟ್ಟು ಬರುವ ಬದಲು ಪಾಪವೆನ್ನಿಸಿತು. ಇವರು ಕಡಲಿನ ಮಕ್ಕಳೆಂದು ನಂಬಿ ನನ್ನ ಗಂಡ ದೋಣಿಯನ್ನೇ ಕಟ್ಟಿಬಿಟ್ಟಿದ್ದ.

ದೋಣಿ ದೇವಗಡ ಬಿಟ್ಟು ಮಾಲ್ವಣಕ್ಕೆ ಹೊರಟ ದಿನವೂ ಅಮ್ಮ ಗುಡಿಸಿದ್ದರು, ಹೊರಡಿ ಎಂದಿದ್ದರು. ಸಂಜೆ ಫೋನು ಬರಲಿಲ್ಲ.

ಗಾಳಿ ಕಡಿಮೆ ಇರಬೇಕು, ತಡವಾಗುತ್ತದೆ ಎಂದುಕೊಂಡೆವು. ಮಾನಸಿಯ ನಕಾಶೆಯಲ್ಲಿ ದೋಣಿಯ ಚುಕ್ಕೆ ಮಧ್ಯಾಹ್ನದ ಜಾಗದಲ್ಲೇ ನಿಂತುಬಿಟ್ಟಿತ್ತು. ಸಂಗಮೇಶನ ಫೋನು ಸಿಗಲಿಲ್ಲ, ಜಾಧವರದೂ ಸಿಗಲಿಲ್ಲ. ಜಾಧವರ ಹೆಂಡತಿ ಬಂದು ನಮ್ಮ ಜೊತೆ ಕೂತರು. ಅವರ ಪರಿಚಯದವರ ಮೂಲಕ ಕರಾವಳಿ ಕಾವಲಿನವರಿಗೆ ತಿಳಿಸಿದ್ದಾಯಿತು, ಹುಡುಕುತ್ತೇವೆ ಎಂದರು. ಬೆಳಗಾಯಿತು, ಫೋನಿಲ್ಲ. ಮನೆಯ ಕಸ ಹಾಗೇ ಇತ್ತು. ಅಮ್ಮ ದೇವರ ಮುಂದೆ ಕೂತವರು ಏಳಲಿಲ್ಲ. ಅವನಿಗೆ ಸರಿಯಾಗಿ ಈಜು ಬರುವುದಿಲ್ಲ ಎನ್ನುವುದನ್ನು ಯಾರಿಗೂ ಹೇಳಿರಲಿಲ್ಲ ನಾನು. ಮತ್ತೆ ಸಂಜೆಯಾಯಿತು, ಮತ್ತೆ ಬೆಳಗಾಯಿತು.

ಆ ಎರಡನೇ ಬೆಳಿಗ್ಗೆ ಹಾಲು ತರಲೆಂದು ಕೆಳಗೆ ಹೋಟೆಲಿಗೆ ಇಳಿದೆ. ಪ್ರೆಸ್ಸಿನವರು ಆಗಲೇ ತಿಂಡಿ ತಿನ್ನುತ್ತಿದ್ದರು. ಬಾಗಿಲಲ್ಲೇ ನಿಂತುಬಿಟ್ಟೆ. ನೆಲದ ತುಂಬ ಕಸ. ಕೊತ್ತಂಬರಿ ದಂಟು, ಬಸ್ಸಿನ ಟಿಕೇಟು, ಕೈ ಒರೆಸಿ ಎಸೆದ ಕಾಗದ, ಮೇಜಿನ ಕಾಲಿಗೆ ಅಂಟಿದ ಇಡ್ಲಿ ಚೂರು. ಹಿಂದಿನ ದಿನದ್ದೂ ಸೇರಿ ಎರಡು ದಿನದ ಕಸ. ಹೋಟೆಲು ಹಾಕಿದಂದಿನಿಂದ ಅಂಥ ನೆಲವನ್ನು ನಾನು ಕಂಡಿರಲಿಲ್ಲ. ಕಾಂತಾಬಾಯಿ ಪೊರಕೆ ಹಿಡಿದು ಗಲ್ಲಾದ ಮುಂದೆ ನಿಂತಿದ್ದಳು. ಗಿರಾಕಿಗಳು ಏನೆಂದುಕೊಂಡಾರು, ಈಗಲಾದರೂ ಗುಡಿಸಲೇ ಎಂದು ಮರಾಠಿಯಲ್ಲಿ ಅಪ್ಪಯ್ಯನನ್ನು ಕೇಳುತ್ತಿದ್ದಳು.

ಅಪ್ಪಯ್ಯ ನನ್ನನ್ನು ನೋಡಿರಲಿಲ್ಲ. ಗಡ್ಡ ಬೋಳಿಸಿರಲಿಲ್ಲ. ಗಲ್ಲಾದ ಮೇಲೆ ಎರಡೂ ಅಂಗೈ ಊರಿಕೊಂಡು ಮೆಲ್ಲಗೆ ಹೇಳಿದರು:

"ನಕೋ, ಕಾಂತಾಬಾಯಿ. ಜಾವಯಿ ಅಜೂನ ಪೋಚಲೇ ನಾಹೀತ."

ಬೇಡ, ಅಳಿಯ ಇನ್ನೂ ಮುಟ್ಟಿಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷ ತಮ್ಮ ಭಾಷೆಯಲ್ಲಿ ಬಾಯಿಗೆ ಬಾರದ ಮಾತು ಅವರಿಗೆ ಕಾಂತಾಬಾಯಿಯ ಭಾಷೆಯಲ್ಲಿ ಬಂತು. ನಾನು ಹಾಲಿನ ಪಾತ್ರೆ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತು ಅತ್ತೆ. ಭಯಕ್ಕೋ ಸಂತೋಷಕ್ಕೋ ನನಗೇ ತಿಳಿಯಲಿಲ್ಲ. ಇದನ್ನು ಕೇಳಬೇಕಾದವನು ಎಲ್ಲಿದ್ದಾನೋ.

ಹೊತ್ತು ಏರಿದ ಮೇಲೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಸಂಗಮೇಶನ ದನಿ ಒಡೆದುಹೋಗಿತ್ತು.

"ಮುಟ್ಟೇವಿ. ವೆಂಗುರ್ಲಾಕ್ಕ ಮುಟ್ಟೇವಿ. ಹೆದರಬ್ಯಾಡ" ಎಂದ. ಮೀನಿನ ಬಲೆಯೊಂದು ದೋಣಿಯಲ್ಲಿದ್ದ ಸಣ್ಣ ಎಂಜಿನ್ನಿನ ಪಂಖಕ್ಕೆ ಸುತ್ತಿಕೊಂಡಿತ್ತಂತೆ. ಗಾಳಿ ಸತ್ತುಹೋಗಿ ಹಾಯಿ ಜೋತುಬಿದ್ದಿತ್ತಂತೆ. ನೀರಿನ ಸೆಳೆತ ಅವರನ್ನು ಫೋನು ಹಿಡಿಯದಷ್ಟು ದೂರ ಒಯ್ದಿತ್ತು. ಇದ್ದ ರೇಡಿಯೊ ಒದ್ದೆಯಾಗಿ ಕೆಟ್ಟಿತ್ತು. ವೆಂಗುರ್ಲಾದ ಮೀನುಗಾರರ ಬೋಟೊಂದು ಕಂಡು, ಹಗ್ಗ ಕಟ್ಟಿ ಎಳೆದು ತಂದಿತ್ತು. "ಎರಡ್ ದಿನ ಮಾವಾರ ಚಕ್ಕುಲಿ ತಿಂದೇ ಇದ್ದೀವಿ ನೋಡು" ಎಂದ.

ನಾನು ಕೆಳಗೆ ಓಡಿದೆ. ಗಲ್ಲಾದ ಮುಂದೆ ನಿಂತು, "ಅಪ್ಪಯ್ಯ, ಮುಟ್ಟಿದ್ದಾರಂತೆ" ಎಂದೆ. ಫೋನು ಅವರ ಕಡೆ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. "ಊಟ ಆಯ್ತಾ ಕೇಳು" ಎಂದರು. ಆಮೇಲೆ ಎದ್ದು, ಪಂಚೆ ಮೇಲಕ್ಕೆ ಕಟ್ಟಿ, ಕಾಂತಾಬಾಯಿಯ ಕೈಯಿಂದ ಪೊರಕೆ ತೆಗೆದುಕೊಂಡರು. ಅವಳು ಬೇಡ ಶೇಟ್ ಎಂದು ಹಿಂದೆ ಹಿಂದೆ ಬಂದಳು. ಅಪ್ಪಯ್ಯ ಕೇಳಲಿಲ್ಲ. ಒಳಗಿನ ಮೂಲೆಯಿಂದ ಶುರುಮಾಡಿ ಬಾಗಿಲ ತನಕ, ಬೆನ್ನು ನೋವನ್ನು ಲೆಕ್ಕಿಸದೆ ಗುಡಿಸಿದರು. ತಿಂಡಿ ತಿನ್ನುತ್ತಿದ್ದವರೆಲ್ಲ ತಟ್ಟೆ ಹಿಡಿದುಕೊಂಡು ಒಬ್ಬರಾದ ಮೇಲೊಬ್ಬರು ಕಾಲು ಮೇಲೆತ್ತಿ ಕೂತರು.

ಅಲ್ಲಿಂದ ಮುಂದೆ ಗಾಳಿ ಒಳ್ಳೆಯದಿತ್ತು. ಗೋವಾ ದಾಟಿತು, ಕಾರವಾರ ದಾಟಿತು. ಹೊನ್ನಾವರ ಬಂದಾಗ ಅಪ್ಪಯ್ಯ ಗಲ್ಲಾದಲ್ಲಿ ಕೂತವರು ಯಾರಿಗೂ ಅಲ್ಲದ ಹಾಗೆ, "ನಾಸಿಕ್ ರೋಡಿನಲ್ಲಿ ಹತ್ತಿದರೆ ಉಡುಪಿಗೆ ನೇರ ಗಾಡಿ ಉಂಟಲ್ಲ" ಎಂದರು. ಅಮ್ಮ ಬರುವ ಹಾಗಿರಲಿಲ್ಲ. ಮಾನಸಿಯನ್ನು ಅವರ ಜೊತೆ ಬಿಟ್ಟು ನಾನೂ ಅಪ್ಪಯ್ಯನೂ ಹೊರಟೆವು. ಹೋಟೆಲು ಬಿಟ್ಟು ಅವರು ಅಷ್ಟು ದೂರ ಹೋಗದೆ ಬಹಳ ಕಾಲವಾಗಿತ್ತು. ರೈಲಿನಲ್ಲಿ ದಾರಿಯಿಡೀ ಕಡಲು ಕಂಡಲ್ಲೆಲ್ಲ ಕಿಟಕಿಗೆ ಮುಖ ಒತ್ತಿ ನೋಡಿದರು. "ಇಷ್ಟು ದೂರವಾ?" ಎಂದು ಒಮ್ಮೆ ನನ್ನನ್ನು ಕೇಳಿದರು. ಹೌದು ಅಪ್ಪಯ್ಯ, ಇಷ್ಟೂ ದೂರ ಎಂದೆ.

ಮಲ್ಪೆಯಲ್ಲಿ ಮಧ್ಯಾಹ್ನದ ಬಿಸಿಲು. ಬಂದರಿನ ತುಂಬ ಮೀನು ಬುಟ್ಟಿಗಳು, ಮಂಜುಗಡ್ಡೆ ಲಾರಿಗಳು, ಅಬ್ಬರ. ಜನ್ಮಕ್ಕೇ ಮೀನಿನ ವಾಸನೆಗೆ ಹತ್ತಿರ ಹೋಗದ ಅಪ್ಪಯ್ಯ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು, ಜೆಟ್ಟಿಯ ತುದಿಯಲ್ಲಿ, ಕೆಸರಲ್ಲಿ ನಿಂತಿದ್ದರು. ದೊಡ್ಡ ದೊಡ್ಡ ಬೋಟುಗಳ ನಡುವೆ ಬಿಳಿ ಹಾಯಿಯೊಂದು ಕಂಡಿತು. ಎಷ್ಟು ಸಣ್ಣದು ಎನ್ನಿಸಿತು ನನಗೆ. ಶೆಡ್ಡಿನಲ್ಲಿ ಇದೇ ದೋಣಿ ಛಾವಣಿ ಮುಟ್ಟುತ್ತಿತ್ತು. ಹತ್ತಿರ ಬಂದಂತೆ ಸಂಗಮೇಶ ಕಂಡ. ಸುಟ್ಟು ಕರ್ರಗಾಗಿದ್ದ, ಗಡ್ಡ ಬಿಟ್ಟಿದ್ದ. ಕೈಯಲ್ಲಿ ಸುರುಳಿ ಸುತ್ತಿದ ಹಗ್ಗ ಹಿಡಿದು ಮುಂದುಗಡೆ ನಿಂತಿದ್ದವನು ಅಪ್ಪಯ್ಯನನ್ನು ಕಂಡು ಹಾಗೇ ನಿಂತುಬಿಟ್ಟ. ಹಗ್ಗ ಎಸೆಯುವುದನ್ನೇ ಮರೆತ. ಹಿಂದಿನಿಂದ ಜಾಧವ್ ಏನೋ ಕೂಗುತ್ತಿದ್ದರು.

ಅಪ್ಪಯ್ಯ ಎರಡೂ ಕೈ ಮುಂದಕ್ಕೆ ಚಾಚಿದರು.

"ಎಂತ ನೋಡ್ತೀಯೋ ಬೀದರ್, ಹಗ್ಗ ಈಚೆ ಬಿಸಾಡು" ಎಂದರು.

ಅವನು ಎಸೆದ. ಅಪ್ಪಯ್ಯನಿಗೆ ಹಿಡಿಯಲು ಬರಲಿಲ್ಲ, ಒದ್ದೆ ಹಗ್ಗ ಎದೆಗೆ ಬಡಿದು ಪಂಚೆಯೆಲ್ಲ ಕೆಸರಾಯಿತು. ಆದರೂ ತುದಿಯನ್ನು ಬಿಡಲಿಲ್ಲ. ಮೀನುಗಾರರು ಬಂದು ತೆಗೆದುಕೊಂಡು ಗೂಟಕ್ಕೆ ಕಟ್ಟುವ ತನಕ ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಸಂಗಮೇಶ ಜೆಟ್ಟಿಗೆ ಹತ್ತಿ ಬಗ್ಗಿ ಅವರ ಕಾಲು ಮುಟ್ಟಿದ. ಅಪ್ಪಯ್ಯ ಅವನ ತಲೆಯ ಮೇಲೆ ಕೈಯಿಟ್ಟು, "ಬಹ್ಳ ಸೊರಗಿದ್ದಿ ಮಾರಾಯ" ಎಂದರು. ಆಮೇಲೆ ತಾವೇ ಫೋನು ತೆಗೆದು ಅಮ್ಮನಿಗೆ ಹಚ್ಚಿದರು. "ಮುಟ್ಟಿದ. ಗುಡಿಸು" ಎಂದಷ್ಟೇ ಹೇಳಿದರು.

ಅದಾದ ಮೇಲೆ ಮಾವ ಅಳಿಯ ಸೇರಿದರೆ ನನಗೆ ಬಾಯಿ ಹಾಕಲು ಜಾಗವೇ ಇರುತ್ತಿರಲಿಲ್ಲ. ಕಾಂತಾಬಾಯಿಯ ಭಾಕರಿ ಮತ್ತೆ ಶುರುವಾಯಿತು. ಅಪ್ಪಯ್ಯ ಹೋಟೆಲಿಗೆ ಬಂದವರಿಗೆಲ್ಲ ನಮ್ಮ ಬೀದರ್ ಕಡಲಲ್ಲಿ ಬಂದ ಕಥೆ ಹೇಳುತ್ತಿದ್ದರು. ಹೇಳಿ ಹೇಳಿ ಬಿರುಗಾಳಿಯನ್ನೂ ಸೇರಿಸಿಬಿಟ್ಟಿದ್ದರು. ಅಸಲಿಗೆ ಗಾಳಿಯೇ ಇಲ್ಲದ್ದು ಅವತ್ತಿನ ತಾಪತ್ರಯ. ಸಂಗಮೇಶ ತಿದ್ದುತ್ತಿರಲಿಲ್ಲ, ಹೂಂಗುಡುತ್ತ ತಿನ್ನುತ್ತಿದ್ದ. ಆ ಸುಖ ನಮಗೆ ಎರಡು ಮಳೆಗಾಲ ಸಿಕ್ಕಿತು.

ಮೂರನೆಯ ಮಳೆಗಾಲದ ಶುರುವಿನಲ್ಲಿ ಅಪ್ಪಯ್ಯ ಮಧ್ಯಾಹ್ನದ ಊಟ ಮುಗಿಸಿ ಮಲಗಿದವರು ಏಳಲಿಲ್ಲ. ಊರಿನಿಂದ, ಮುಂಬಯಿಯಿಂದ ನೆಂಟರು ಬಂದರು. ಮರುದಿನ ಹೋಟೆಲಿನ ಮುಂದೆ, ಅಂದು ದೋಣಿಗೆ ಆರತಿ ಎತ್ತಿದ ಜಾಗದಲ್ಲೇ, ಅವರನ್ನು ಎತ್ತಿದರು. ಮುಂದಿನ ಹೆಗಲು ಸಂಗಮೇಶನದು. ಹಿರಿಯ ಹೆಂಗಸೊಬ್ಬರು ಒಳಗಿನಿಂದ, "ಇನ್ನು ಗುಡಿಸಿಬಿಡಿ, ನೀರು ಹಾಕಿ" ಎಂದರು. ಶಾಸ್ತ್ರ ಹಾಗೇ ಇರುವುದು. ಕಾಂತಾಬಾಯಿ ಕಣ್ಣೊರೆಸಿಕೊಳ್ಳುತ್ತ ಪೊರಕೆ ತಂದಳು.

ಸಂಗಮೇಶ ಹೆಗಲ ಮೇಲಿನ ಭಾರದೊಂದಿಗೇ ಅರ್ಧ ತಿರುಗಿದ.

"ತಡೀರಿ. ಮಾವಾರ ಇನ್ನಾ ಮುಟ್ಟಿಲ್ಲ" ಎಂದ.

ನೆಂಟರು ಮುಖ ಮುಖ ನೋಡಿಕೊಂಡರು. ಎಲ್ಲ ಶಾಸ್ತ್ರವನ್ನೂ ಬಲ್ಲ ಅಮ್ಮ ಗೋಡೆಗೊರಗಿ ಕೂತಿದ್ದರು. ಕಾಂತಾಬಾಯಿಯ ಕಡೆ ನೋಡಿ, ಬೇಡ ಎಂದು ಕೈಯಾಡಿಸಿದರು. ಮನೆ ಹಾಗೇ ಇತ್ತು. ಹೂವಿನ ಎಸಳು, ಅಕ್ಕಿಕಾಳು, ಎಷ್ಟೋ ಜನರ ಹೆಜ್ಜೆಯ ಕೆಸರು ಎಲ್ಲದರ ನಡುವೆ ನಾವು ಹೆಂಗಸರು ಕೂತಿದ್ದೆವು. ಹೊರಗೆ ಮಳೆ ಹನಿಯುತ್ತಿತ್ತು.

ಬಹಳ ಹೊತ್ತಿನ ಮೇಲೆ ನನ್ನ ಫೋನು ಹೊಡೆದುಕೊಂಡಿತು. ಗೋದಾವರಿ ದಂಡೆಯಿಂದ ಸಂಗಮೇಶ. ಅಮ್ಮನಿಗೆ ಕೊಡು ಎಂದ. ನಾನು ಅಮ್ಮನ ಕಿವಿಗೆ ಹಿಡಿದೆ. ಅವನ ದನಿ ನನಗೂ ಕೇಳಿಸುತ್ತಿತ್ತು.

"ಮುಟ್ಟಿಸಿ ಬಂದೀನ್ರಿ, ಅತ್ತಿಯವರ" ಎಂದ. "ಇನ್ನ ಗುಡಿಸ್ರಿ."

ಅಮ್ಮ ಹೂಂ ಎಂದರು. ಗೋಡೆ ಹಿಡಿದು ಎದ್ದು, ಕಾಂತಾಬಾಯಿಯ ಕಡೆ ಕೈ ಚಾಚಿದರು.